ಬಜೆ ಬೇರಿನ ಮಾನ

ಕಮಲಾಕರರು ಪೆಟ್ಟಿಗೆಯಿಂದ ಶಾಲನ್ನು ತೆಗೆದು ಬಿಡಿಸಿದಾಗ, ಅದರ ನಟ್ಟನಡುವಿನ ತೂತಿನಿಂದ ಅವರದೇ ಹೆಬ್ಬೆರಳು ಇಣುಕಿತು.

ಸಂಜೆ ನಾಲ್ಕಕ್ಕೆ ಅದನ್ನು ನಾಗರತ್ನಮ್ಮನವರಿಗೆ ಹೊದಿಸಬೇಕಿತ್ತು.

ಮದ್ರಾಸಿನ ಗಿಂಡಿ ಬಡಾವಣೆಯ ಒಂದು ಅಪಾರ್ಟ್‌ಮೆಂಟಿನಲ್ಲಿ, ಫ್ಯಾನಿನ ಕೆಳಗೆ ಬೆವರೊರೆಸಿಕೊಳ್ಳುತ್ತ ಉಣ್ಣೆ ಹೆಣೆಯುವ ಆರು ಜನರ ಬಳಗವೊಂದಿತ್ತು. ಮದ್ರಾಸಿನಲ್ಲಿ ಸ್ವೆಟರ್ ಯಾರಿಗೆ ಎಂದು ಕೇಳಿದವರಿಗೆ ಅವರು ಉತ್ತರ ಕೊಡುತ್ತಿರಲಿಲ್ಲ. ಅವರಲ್ಲಿದ್ದ ಒಬ್ಬನೇ ಗಂಡಸು ರೈಲ್ವೆಯಿಂದ ನಿವೃತ್ತರಾದ ಕಮಲಾಕರ. ಎಲ್ಲರಿಗೂ ಕಡ್ಡಿ ಹಿಡಿಯಲು ಕಲಿಸಿದ ನಾಗರತ್ನಮ್ಮ ಬ್ಯಾಂಕ್ ಮ್ಯಾನೇಜರ್ ಆಗಿದ್ದವರು; ಈಗ ಮೇ ತಿಂಗಳಲ್ಲಿ ಬದರಿಗೆ ಹೊರಟಿದ್ದರು. ಅವರಿಗಾಗಿ ಉಳಿದ ಐವರೂ ಸರದಿಯ ಮೇಲೆ ಒಂದೊಂದು ಪಟ್ಟಿ ಹೆಣೆದು, ಪೊಂಗಲ್ ಹೊತ್ತಿಗೇ ಈ ನೇರಳೆ ಶಾಲನ್ನು ಮುಗಿಸಿದ್ದರು.

ಅಲ್ಲಿಯವರೆಗೆ ಅದನ್ನು ಕಾಪಾಡುವವರು ಯಾರು ಎಂಬ ಮಾತು ಬಂದಾಗ ಕಮಲಾಕರರೇ ಮುಂದೆ ಬಂದಿದ್ದರು.

"ನುಸಿಗುಳಿಗೆ ವಿಷ ಕಣ್ರೀ! ನಮ್ಮಜ್ಜಿ ಬಜೆ ಬೇರು, ಲಾವಂಚ, ಒಣಗಿಸಿದ ಬೇವಿನ ಸೊಪ್ಪು ಗಂಟು ಕಟ್ಟಿ ಇಡ್ತಿದ್ರು. ಒಂದೇ ಒಂದು ಹುಳ ಹತ್ರ ಸುಳೀತಿರ್ಲಿಲ್ಲ."

ಈ ಭಾಷಣ ಬಳಗಕ್ಕೆ ವಾರಕ್ಕೊಮ್ಮೆಯಾದರೂ ತಪ್ಪುತ್ತಿರಲಿಲ್ಲ. ಈಗ ಭಾಷಣಕಾರರು ಕಾಪಾಡಿದ ಶಾಲನ್ನೇ ಹುಳ ತಿಂದಂತಿತ್ತು. ಹೋದರೆ ಹೋಗಲಿ ಎನ್ನುವಂತಿರಲಿಲ್ಲ, ಅದು ಐದು ಜನರ ಕೈಕೆಲಸ. ಸಾಲದ್ದಕ್ಕೆ ಅಜ್ಜಿಯ ಮಾನ ಬೇರೆ.

"ದ್ರೋಹಿಗಳಾ!" ಎಂದು ಬೈದು ಪೆಟ್ಟಿಗೆಯಲ್ಲಿದ್ದ ಬಜೆ ಗಂಟುಗಳನ್ನೆಲ್ಲ ಕಸದ ಬುಟ್ಟಿಗೆಸೆದರು. ಅದೇ ಬಣ್ಣದ ಉಣ್ಣೆ ತಂದು ತೂತು ಮುಚ್ಚೋಣವೆಂದು ಶಾಲನ್ನು ಚೀಲಕ್ಕೆ ತುರುಕಿಕೊಂಡು ಹೊರಟರು. ಲಿಫ್ಟಿನಲ್ಲಿ ಕೆಳಮನೆಯ ವಿಘ್ನೇಶ್ ಚೀಲದೊಳಗೇ ಮುಖ ಹಾಕಿದ.

"ಏನ್ ಅಂಕಲ್, ಈ ವೆಯಿಲಲ್ಲಿ, ಇಷ್ಟು ಬಿಸಿಲಲ್ಲಿ ಕಂಬಳಿ? ಚಳಿಜ್ವರಾನಾ? ನನಗೆ ತೆರಿಂಜ, ಗೊತ್ತಿರೋ ಡಾಕ್ಟರ್ ಇದಾರೆ, ಫೋನ್ ಮಾಡ್ಲಾ?"

ಅವನಿಂದ ಬಿಡಿಸಿಕೊಳ್ಳುವಷ್ಟರಲ್ಲಿ ಒಂದು ಮೆಟ್ರೊ ತಪ್ಪಿತು.

ಪ್ಯಾರೀಸ್ ಕಾರ್ನರಿನ ಉಣ್ಣೆ ಅಂಗಡಿಯವನು ಶಾಲನ್ನು ಎತ್ತಿ ಹಿಡಿದು, ತೂತಿನ ಮೂಲಕವೇ ಕಮಲಾಕರರನ್ನು ನೋಡಿದ. "ಇಂದ ಕಲರ್ ಇಲ್ಲೆ ಸಾರ್. ಮಂಜಳ್ ಇರುಕ್ಕು," ಎಂದು ಹಳದಿ ಉಂಡೆ ಮುಂದಿಟ್ಟ. ಕೇಳದಿದ್ದರೂ ಪಕ್ಕದಂಗಡಿಯಿಂದ ನುಸಿಗುಳಿಗೆಯ ಪೊಟ್ಟಣ ತರಿಸಿ, "ಇದೈ ಪೋಡುಂಗ. ಪೂಚಿ ವರವೇ ವರಾದು," ಎಂದು, ಹುಳ ಬರುವುದೇ ಇಲ್ಲವೆಂದು ಭರವಸೆ ಕೊಟ್ಟ.

ಒಳಗೆ ಇನ್ನೂ ಹುಳವಿದ್ದು, ಅದು ನಾಗರತ್ನಮ್ಮನವರ ಹೆಗಲ ಮೇಲೆ ಹರಿದಾಡಿಬಿಟ್ಟರೆ? ಕಮಲಾಕರರ ಇಷ್ಟು ವರ್ಷದ ವ್ರತ ಅಲ್ಲೇ ಮುರಿಯಿತು. ಅತ್ತಿತ್ತ ನೋಡಿ, ಕಳ್ಳಮಾಲು ಬಚ್ಚಿಡುವವರಂತೆ ಶಾಲಿನ ಕುಚ್ಚುಗಳೊಳಗೆ ಗುಳಿಗೆಗಳನ್ನು ಕಟ್ಟಿದರು.

ನೇರಳೆಗೆ ಹಳದಿ ತೇಪೆ ಹಾಕಿದರೆ ಊರಿಗೇ ಕಾಣುತ್ತದೆ. ಹೂವಾದರೆ ಯಾರಿಗೂ ಅನುಮಾನ ಬರದು. ವಾಪಸು ಬರುವ ಮೆಟ್ರೊದಲ್ಲೇ ಕ್ರೋಶಾ ಕಡ್ಡಿ ಹಿಡಿದು ಕೂತರು. ಪಕ್ಕದ ಸೀಟಿನ ಅಪರಿಚಿತ ಮಾಮಿ ಎರಡು ಎಸಳು ಮುಗಿಯುವವರೆಗೆ ಸಹಿಸಿಕೊಂಡರು, ಆಮೇಲೆ "ಇಪ್ಪಡಿ ಇಲ್ಲೆ, ಕುಡುಂಗ!" ಎಂದು, ಹೀಗಲ್ಲವೆಂದು ತಲೆಯಾಡಿಸಿ ಕಡ್ಡಿ ಕಸಿದುಕೊಂಡರು. ಸೈದಾಪೇಟೆಯಲ್ಲಿ ಇಳಿಯಬೇಕಾಗಿದ್ದವರು ಹೂವು ಮುಗಿಸಲೆಂದು ಗಿಂಡಿಯವರೆಗೂ ಬಂದರು.

ಮನೆಯಲ್ಲಿ ಹೂವನ್ನು ತೂತಿನ ಮೇಲೆ ಹೊಲಿದದ್ದಾಯಿತು. ಗುಳಿಗೆಗಳನ್ನು ಗಡಿಬಿಡಿಯಿಂದ ಬಿಚ್ಚಿ ತೆಗೆದದ್ದಾಯಿತು. ವಾಸನೆ ಹೋಗಲೆಂದು ಪನ್ನೀರು ಚಿಮುಕಿಸುವಾಗ ಗಡಿಯಾರ ನಾಲ್ಕು ಹೊಡೆಯಿತು.

ನಾಗರತ್ನಮ್ಮನವರ ಮನೆಯ ಹಾಲಿನಲ್ಲಿ, ಬಳಗದ ಎಲ್ಲರೆದುರು, ಶಾಲು ಬಿಚ್ಚಿಕೊಂಡಿತು. ನಾಗರತ್ನಮ್ಮ ಅದರ ನಡುವೆ ಕೈಯಾಡಿಸಿದರು.

"ಅಯ್ಯೋ, ನಡುವೆ ಸೇವಂತಿಗೆ! ಎಷ್ಟು ಅಳಗಾಗಿದೆ, ಎಷ್ಟು ಚೆಂದ! ಯಾರ ಕೈಚಳಕ ಇದು?"

ಸದ್ಯ, ಬದುಕಿದೆ ಎಂದು ಕಮಲಾಕರರು ಬೆವರೊರೆಸಿಕೊಂಡರು. ಅಷ್ಟರಲ್ಲಿ ಬಳಗದಲ್ಲಿ ಎಲ್ಲರಿಗಿಂತ ಚಿಕ್ಕವಳಾದ ಸೀತಾ ಅವರನ್ನು ಬಾಲ್ಕನಿಗೆ ಕರೆದಳು. ಕೊನೆಯ ಪಟ್ಟಿ ಹೆಣೆದವಳು ಅವಳೇ.

"ಮಾಮಾ, ನೀವು ನನ್ನ ಮಾನ ಉಳಿಸಿದ್ರಿ. ಆ ತೂತು ನಂದೇ. ಉಣ್ಣೆ ದಾರದ ಗಂಟು ಕತ್ತರಿಸೋಕೆ ಹೋಗಿ ಶಾಲನ್ನೇ ಕತ್ತರಿಸಿಬಿಟ್ಟೆ. ಹೇಳೋಕೆ ಭಯವಾಗಿ ಹಾಗೇ ಮಡಿಸಿ ಕೊಟ್ಟೆ. ನಾಲ್ಕು ತಿಂಗಳಿಂದ ಸರಿಯಾಗಿ ನಿದ್ದೆ ಮಾಡಿಲ್ಲ. ಆಂಟಿಗೆ ಹೇಳ್ಬೇಡಿ, ಪ್ಲೀಸ್."

ಹಾಗಾದರೆ ಹುಳವೇ ಬಂದಿಲ್ಲ! ಬಜೆ ಗೆದ್ದಿತ್ತು, ಅಜ್ಜಿ ಗೆದ್ದಿದ್ದರು! "ಹೇಳಲ್ಲಮ್ಮ, ಹೋಗು," ಎಂದವರು ಕುಣಿಯುವುದೊಂದು ಬಾಕಿ ಎಂಬಂತೆ ಒಳಬಂದರು.

"ನೋಡಿದ್ರಾ? ನಾಲ್ಕು ತಿಂಗಳು ಒಂದು ಹುಳ ಮುಟ್ಟಿಲ್ಲ! ನಮ್ಮಜ್ಜಿ ಬಜೆ ಬೇರು..."

ನಾಗರತ್ನಮ್ಮ ಶಾಲನ್ನು ಹೆಗಲಿಗೆ ಎಳೆದುಕೊಂಡರು. ಟಕ್. ಕುಚ್ಚಿನಿಂದ ಬಿಳಿಯ ಗುಳಿಗೆಯೊಂದು ನೆಲಕ್ಕೆ ಬಿದ್ದು, ಉರುಳಿಕೊಂಡು ಬಂದು ಭಾಷಣಕಾರರ ಕಾಲ ಬಳಿ ನಿಂತಿತು.

"ಇದೇನು ಕಮಲಾಕರ ಅವರೇ?" ಎನ್ನುತ್ತ ನಾಗರತ್ನಮ್ಮ ಅದನ್ನು ಎತ್ತಿಕೊಂಡರು.

ತೂತಿನ ಕತೆ ಹೇಳಿದ್ದರೆ ಅಜ್ಜಿಯ ಮಾನ ಉಳಿಯುತ್ತಿತ್ತು. ಕಮಲಾಕರರು ಸೀತಾಳತ್ತ ನೋಡಿದರು. ಅವಳು ದುಪಟ್ಟಾದ ತುದಿ ಹಿಂಡುತ್ತ ನೆಲ ನೋಡುತ್ತಿದ್ದಳು.

"ನುಸಿಗುಳಿಗೆ," ಎಂದರು ಅವರು. "ನಾನೇ ಹಾಕಿದ್ದು. ಬಜೆ ಮೇಲೆ ಅಷ್ಟು ಧೈರ್ಯ ಬರ್ಲಿಲ್ಲ."

ಹಾಲಿನಲ್ಲಿ ನಗು ಸಿಡಿಯಿತು. ಸೀತಾ ನಾಲ್ಕು ತಿಂಗಳ ಉಸಿರನ್ನು ಒಟ್ಟಿಗೆ ಬಿಟ್ಟಳು. ಅದನ್ನು ಕಂಡು ಕಮಲಾಕರರಿಗೂ ಹಗುರವೆನಿಸಿತು. ಅಜ್ಜಿ ಇದ್ದಿದ್ದರೂ ಹೀಗೇ ಮಾಡುತ್ತಿದ್ದರು ಎಂದುಕೊಂಡರು.

ನಾಗರತ್ನಮ್ಮ ಮಾತ್ರ ನಗಲಿಲ್ಲ. ಒಳಗಿನಿಂದ ಒಂದು ಚೀಲ ತಂದರು. "ನಿಮ್ಮ ಮಾತು ನಂಬಿ ಮನೇಲಿದ್ದ ಗುಳಿಗೆ ಎಲ್ಲಾ ಎಸೆದುಬಿಟ್ಟೆ ಕಣ್ರೀ. ಯಾತ್ರೆಗೆ ಹೊರಡೋ ಮುಂಚೆ ಎಲ್ಲರಿಗೂ ಒಂದು ಉಡುಗೊರೆ ಅಂತ, ನಿಮ್ಮಜ್ಜಿ ಥರಾನೇ ಬಜೆ, ಲಾವಂಚ, ಬೇವು ಸೇರಿಸಿ ಗಂಟು ಕಟ್ಟಿದೀನಿ."

ಒಬ್ಬೊಬ್ಬರಿಗೂ ಒಂದೊಂದು ಗಂಟು ಹಂಚುತ್ತ ಬಂದರು. ಲಾವಂಚದ ಪರಿಮಳ ಹಾಲನ್ನೆಲ್ಲ ತುಂಬಿತು. ಕೊನೆಯ ಗಂಟಿಗಾಗಿ ಕಮಲಾಕರರು ಆಸೆಯಿಂದ ಕೈ ಚಾಚಿದರು.

ನಾಗರತ್ನಮ್ಮ ಒಂದು ಕ್ಷಣ ಯೋಚಿಸಿ, ಗಂಟನ್ನು ಚೀಲಕ್ಕೇ ಹಾಕಿ, ಬಿಳಿಯ ಗುಳಿಗೆಯನ್ನು ಅವರ ಅಂಗೈಯಲ್ಲಿಟ್ಟರು.

"ನಿಮಗೆ ಇದೇ ಆಗೋದು ಅಲ್ವಾ?"