ಥಂಡಾ ಬಿಡಿಸುವ ಗೇಮು

ಬಾಯಿ ಬಿಟ್ಟರೆ ಫಜೀತಿ ಎಂದು ಕಡಿಮೆ ಮಾತಾಡುವವನು ನಾನು. ಆದರೂ ಫಜೀತಿಗಳು ವಿಳಾಸ ಕೇಳಿಕೊಂಡು ಬರುತ್ತವೆ. ಈ ಸಲ ಫೋನಿನಲ್ಲಿ ಬಂದವು.

೧. ಎರಡೋ ನಾಲ್ಕೋ

ಭೀಮರಾಯನಗುಡಿಯಲ್ಲಿ ಕಾಲುವೆ ಗೇಟು ತಿರುಗಿಸಿ ನಿವೃತ್ತನಾದೆ. ಬಿಸಿಲಿನ ಕೆಲಸ. ಬಾಟಲಿ ಥಂಡಾದ, ಅಂದರೆ ಸಿಹಿ ತಂಪು ಪಾನೀಯದ, ಚಟ ಅಲ್ಲಿ ಹತ್ತಿತು. ಕೆಲಸ ಹೋಯಿತು, ಚಟ ಉಳಿಯಿತು.

ಶಹಾಪುರದ ಡಾಕ್ಟರು ರಕ್ತದ ಚೀಟಿ ನೋಡಿ, "ಥಂಡಾ ದಿನಕ್ಕ ಎಷ್ಟು?" ಎಂದರು.

"ಎರಡು."

"ನಾಲ್ಕು," ಅಂದಳು ಹೆಂಡತಿ.

"ಒಂದು ತಿಂಗಳು ಪೂರಾ ಬಿಡ್ರಿ. ಸಕ್ಕರಿ ಇಳೀಲಿಲ್ಲಂದ್ರ ದಿನಾ ಸೂಜಿ."

ಕಾಲುವೆಯಲ್ಲಿ ಹಾವನ್ನು ಬಾಲ ಹಿಡಿದು ಎಸೆದವನು ನಾನು. ಸೂಜಿ ಅಂದ ಕೂಡಲೇ ಕುರ್ಚಿ ಹಿಡಿದುಕೊಂಡೆ.

"ಹಾವಿಗೂ ಹಿಂಗ ಹೆದರಿದ್ರ ನಾ ಆರಾಮ ಇರ್ತಿದ್ದೆ," ಅಂದಳು.

೨. ವಡಗೇರಾ ಬಸ್ಸು

ಸೊಸೆ ಶಾಲೆಯಲ್ಲಿ ಕಲಿಸುತ್ತಾಳೆ. ನನ್ನ ಫೋನಿಗೆ ಒಂದು ಗೇಮು ಹಾಕಿದಳು. ನೀರಿನ ಚಿತ್ರ ಬಂದರೆ ಒತ್ತಬೇಕು. ಥಂಡಾ ಬಂದರೆ ಬೆರಳು ತಡೆಯಬೇಕು.

"ಮಿದುಳಿಗೆ ತಾಲೀಮು ರೀ ಮಾವ."

"ಒತ್ತೋದು ಬೆರಳು. ಮಿದುಳಿಗೆ ಯಾರು ಹೇಳ್ತಾರ?"

"ಬೆರಳೇ ಹೇಳ್ತದ. ಆಡ್ರಿ."

ಹೇಗೆ ಹೇಳುತ್ತದೆ, ನೋಡಬೇಕೆನಿಸಿತು. ವಡಗೇರಾ ಬಸ್ಸಿನಲ್ಲೂ ಆಡಿದೆ. ಪಕ್ಕದ ಹೆಣ್ಣುಮಗಳು ಬಗ್ಗಿದಳು.

"ಯಜ್ಜಾ, ಬಾಟ್ಲಿ ಬಂತು, ಒತ್ತು!"

"ಒತ್ತಬಾರದು."

"ಮತ್ತ ಯಾಕ ತೋರಸ್ತದ?"

ನನಗೂ ಗೊತ್ತಿರಲಿಲ್ಲ. ಹಿಂದಿನ ಸೀಟಿನವರು ಕುತ್ತಿಗೆ ಚಾಚಿದರು. ಬಾಟಲಿ ಬಂದಾಗಲೆಲ್ಲ ಬಸ್ಸು ಉಸಿರು ಹಿಡಿಯಿತು. ವಡಗೇರಾದಲ್ಲಿ ಇಳಿದವರು ನೇರ ಥಂಡಾ ಅಂಗಡಿಗೆ ಹೋದರು. ಎಲ್ಲರಿಗಿಂತ ಮುಂದೆ ಕಂಡಕ್ಟರು.

೩. ಲಕ್ವಾ

ಎರಡು ವಾರಕ್ಕೆ ಬೆರಳು ಮಿದುಳಿಗೆ ಹೇಳಿಬಿಟ್ಟಿತು. ಅಲ್ಲಿಯ ತನಕ ಹೆಂಡತಿ ಅಂಗಡಿ ಕಡೆ ಬಿಟ್ಟಿರಲಿಲ್ಲ. ಅಂದು ನಾವಿರುವ ನೀರಾವರಿ ಕ್ಯಾಂಪಿನ ಅಂಗಡಿಯವನು ಹಳೇ ರೂಢಿಯಂತೆ ಬಾಟಲಿ ಚಾಚಿದ. ನನ್ನ ಕೈ ಏಳಲಿಲ್ಲ. ನನಗೇ ಆಶ್ಚರ್ಯ. ಕೈಯನ್ನೇ ನೋಡುತ್ತ ನಿಂತೆ.

"ಕೈಗೇನಾತ್ರಿ?"

ಹೇಳಿದರೆ ಉದ್ದವಾಗುತ್ತದೆ. ಸುಮ್ಮನೆ ಮನೆಗೆ ಬಂದೆ.

ಮಧ್ಯಾಹ್ನದೊಳಗೆ ನನಗೆ ಲಕ್ವಾ ಹೊಡೆದ ಸುದ್ದಿ ಕ್ಯಾಂಪಿಗೆಲ್ಲ ಮುಟ್ಟಿತು. ಬಲಗೈ ಹೋಗಿದೆ, ಮಾತೂ ನಿಂತಿದೆ ಎಂದು. ಒಬ್ಬೊಬ್ಬರಾಗಿ ನೋಡಲು ಬಂದರು. ನಮ್ಮ ಕಡೆ ಬೇನೆಯವರ ಮನೆಗೆ ಬರಿಗೈಲಿ ಬರುವುದಿಲ್ಲ. ನನಗೇನು ಪ್ರೀತಿ ಎಂದು ಎಲ್ಲರಿಗೂ ಗೊತ್ತು. ಸಂಜೆಗೆ ಹೆಂಡತಿ ಕಪಾಟಿಗೆ ಬೀಗ ಹಾಕಿದಳು. ಒಳಗೆ ಒಂಬತ್ತು ಬಾಟಲಿ ಥಂಡಾ.

೪. ಸುರಪುರದ ಮಂಗ್ನಿ

ತಿಂಗಳು ತುಂಬಿ ರಕ್ತ ತಪಾಸಣೆಯ ದಿನ ಬಂತು. ಹಿಂದಿನ ದಿನ ಸುರಪುರದಲ್ಲಿ ಗೆಳೆಯನ ಮಗಳ ಮಂಗ್ನಿ, ಅಂದರೆ ನಿಶ್ಚಿತಾರ್ಥ. ಮೂವತ್ತು ವರ್ಷ ನಾನೂ ಅವನೂ ಒಂದೇ ಗೇಟು ತಿರುಗಿಸಿದವರು. ಹುಡುಗಿ ಕಡೆ ಹಿರಿಯ ಎಂದು ನನ್ನನ್ನೇ ಮುಂದೆ ಕೂಡಿಸಿದ.

ಮಾತು ಮುಗಿದು ಥಂಡಾ ಬಂತು. ಎಲ್ಲರೂ ಗ್ಲಾಸು ಹಿಡಿದು ನನ್ನ ಮುಖ ನೋಡಿದರು. ಹಿರಿಯ ಬಾಯಿಗೆ ಹಚ್ಚುವ ತನಕ ಯಾರೂ ಕುಡಿಯುವುದಿಲ್ಲ.

ಕೈ ಮೊಣಕಾಲ ಮೇಲೆ ಕೂತಿತ್ತು. ಏಳಲಿಲ್ಲ.

ಯಾದಗಿರಿಯಿಂದ ಬಂದ ಹುಡುಗನ ಚಾಚಾ ಗ್ಲಾಸು ಕೆಳಗಿಟ್ಟರು. "ಹಿರಿಯರು ಮುಟ್ಟವಲ್ರು. ಸಂಬಂಧ ಮನಸಿಗೆ ಬಂದಿಲ್ಲೇನ್ರಿ?"

ಗೆಳೆಯನ ಮುಖ ಬಿಳಿಚಿತು. ಪರದೆಯ ಹಿಂದೆ ಬಳೆ ಸದ್ದು ನಿಂತಿತು.

"ಅಣ್ಣಾ, ಏನು ತಪ್ಪಾಗ್ಯಾದ ಹೇಳು," ಅಂದ.

"ಕೈ ಏಳವಲ್ದು," ಅಂದೆ.

ಅವನು ಹಿಂದೆ ಮುಂದೆ ನೋಡಲಿಲ್ಲ. ನನ್ನ ಗದ್ದ ಹಿಡಿದ. ಗ್ಲಾಸು ಬಾಯಿಗೆ ಹಚ್ಚಿದ. ಒಂದೇ ಉಸಿರಿಗೆ ಖಾಲಿ. ತಾಲೀಮು ಕೈಗಾಗಿತ್ತು, ಬಾಯಿಗೆ ಯಾರೂ ಕೊಟ್ಟಿರಲಿಲ್ಲ.

"ಒಪ್ಪಿಗಿ ಅದ!" ಅಂದರು ಚಾಚಾ. ಎಲ್ಲರೂ ಕುಡಿದರು. ಗೆಳೆಯ ಸಂತೋಷಕ್ಕೆ ಇನ್ನೊಂದು ಕುಡಿಸಿದ.

ಮರುದಿನ ಡಾಕ್ಟರು ಚೀಟಿ ನೋಡಿ ನಕ್ಕರು. "ಸಕ್ಕರಿ ಇಳದದ. ಸೂಜಿ ಬ್ಯಾಡ. ಖರೇನ ಬಿಟ್ರೇನು?"

"ತಿಂಗಳಾತು, ಕೈಲೆ ಮುಟ್ಟಿಲ್ಲ," ಅಂದೆ. ಸುಳ್ಳಲ್ಲ.

"ಹೌದ್ರಿ," ಅಂದಳು ಹೆಂಡತಿ. "ಈಗ ಕುಡಿಸಾಕ ಆಳು ಬೇಕು."