ಕಪ್ಪು ಕನ್ನಡಕವೂ ರುದ್ರಪ್ಪನ ಟವಲ್ಲೂ

ಮನುಷ್ಯನ ಮುಖದಲ್ಲಿ ಅತ್ಯಂತ ಬಾಯಿಬಡುಕ ಅಂಗ ಯಾವುದು ಎಂದರೆ ಎಲ್ಲರೂ ಬಾಯಿ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಬಾಯಿಯನ್ನು ಮುಚ್ಚಿಕೊಂಡು ಇಡೀ ದಿನ ಕಳೆಯಬಹುದು. ಕಣ್ಣು ಮುಚ್ಚಿಕೊಂಡು ಬಸ್ ಸ್ಟ್ಯಾಂಡ್ ದಾಟಲೂ ಆಗುವುದಿಲ್ಲ. ತೆರೆದರೆ ಅದು ಎಲ್ಲವನ್ನೂ ಹೇಳಿಬಿಡುತ್ತದೆ. ನನ್ನ ಎಡಗಣ್ಣಂತೂ ಹುಟ್ಟಿದಾಗಿನಿಂದ ಸ್ವತಂತ್ರ ವಿಚಾರದ್ದು. ಬಲಗಣ್ಣು ಕರಿಹಲಗೆ ನೋಡಿದರೆ ಅದು ಕಿಟಕಿ ನೋಡುತ್ತದೆ. ಜಗಳೂರಿನ ಹೈಸ್ಕೂಲಿನಲ್ಲಿ ನಾನು ಮೇಷ್ಟ್ರಾಗಿದ್ದ ಕಾಲದಲ್ಲಿ "ಏಯ್, ಎದ್ದು ನಿಲ್ಲೋ" ಎಂದರೆ ಇಬ್ಬರು ಎದ್ದು ನಿಲ್ಲುತ್ತಿದ್ದರು. ಪರೀಕ್ಷೆಯ ಹೊತ್ತಿನಲ್ಲಿ ಇದು ಭಾರೀ ಅನುಕೂಲ. ನಾನು ಯಾರನ್ನು ನೋಡುತ್ತಿದ್ದೇನೆಂದು ತಿಳಿಯದೆ ಇಡೀ ಕೋಣೆ ಸಜ್ಜನರಿಂದ ತುಂಬಿರುತ್ತಿತ್ತು.

ನಷ್ಟವಾಗುತ್ತಿದ್ದದ್ದು ಹೆಣ್ಣು ನೋಡಲು ಹೋದಾಗ. ಚನ್ನಗಿರಿಯಲ್ಲಿ ನಾನು ಹುಡುಗಿಯನ್ನೇ ನೋಡುತ್ತಿದ್ದೆ, ದೇವರಾಣೆ. ಆದರೆ ಮನೆಯವರು ನಾನು ಬಾಗಿಲ ಬಳಿ ನಿಂತಿದ್ದ ಅವಳ ತಂಗಿಯನ್ನು ನೋಡುತ್ತಿದ್ದೇನೆಂದು ತಿಳಿದು ಕಾಫಿಯನ್ನೂ ಕೊಡದೆ ಕಳಿಸಿದರು. ಹೊನ್ನಾಳಿ ನನ್ನದೇ ಊರು, ಅಲ್ಲಿಯವರಾದರೂ ಕೈ ಹಿಡಿಯುತ್ತಾರೆಂದುಕೊಂಡಿದ್ದೆ. ಹುಡುಗಿಯ ಸೋದರಮಾವ ನಮ್ಮ ಅಪ್ಪನಿಗೆ ಹೇಳಿದ ಮಾತು ಊರಲ್ಲೆಲ್ಲ ಓಡಾಡಿತು: "ಮೇಷ್ಟ್ರು ಒಳ್ಳೇರು ಕಣ್ರೀ. ಆದ್ರೆ ಯಾವ ಕಡೆಯಿಂದ ಒಳ್ಳೇರು ಅಂತ ಗೊತ್ತಾಗಾಕಿಲ್ಲ." ಅಮ್ಮ ಆ ದಿನ ಅತ್ತಳು. ನನಗೂ ಅಳು ಬಂತು. ವಯಸ್ಸು ಮೂವತ್ತರ ಹೊಸ್ತಿಲಲ್ಲಿತ್ತು. ಇನ್ನೊಂದು ಸಲ ಹೀಗಾದರೆ ಹೆಣ್ಣು ನೋಡುವುದನ್ನೇ ಬಿಟ್ಟುಬಿಡುತ್ತೇನೆಂದು ಮನೆಯಲ್ಲಿ ಹೇಳಿಬಿಟ್ಟಿದ್ದೆ.

ಅಂಥ ಹೊತ್ತಿನಲ್ಲಿ, ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದಾಗ, ಶೇಂಗಾ ಕೀಳುವ ದಿನಗಳಲ್ಲಿ ನಮ್ಮ ಸೀಮೆಗೆ ಕಣ್ಣುಬೇನೆ ಬಂತು. ಮದ್ರಾಸ್ ಐ ಎಂದು ಅದಕ್ಕೆ ಹೆಸರು. ಜಗಳೂರಿನಲ್ಲಿ ಮದ್ರಾಸ್ ಕಂಡವರು ಯಾರೂ ಇರಲಿಲ್ಲ, ಹಾಗಾಗಿ ಮದ್ರಾಸೇ ದಾವಣಗೆರೆ ಬಸ್ಸು ಹತ್ತಿ ನಮ್ಮನ್ನು ನೋಡಲು ಬಂದಂತಾಯಿತು. ಮೊದಲು ಬಸ್ ಕಂಡಕ್ಟರನ ಕಣ್ಣು ಕೆಂಪಾಯಿತು, ಆಮೇಲೆ ಮುಂದಿನ ಸೀಟಿನವರದು, ಆಮೇಲೆ ಟಾಪಿನ ಮೇಲೆ ಕೂತವರದೂ. ಬೇನೆಯವನ ಕಣ್ಣನ್ನು ನೋಡಿದರೆ ಸಾಕು, ನೋಡಿದವನಿಗೂ ಬರುತ್ತದೆ ಎಂದು ಎಲ್ಲರೂ ನಂಬಿದ್ದರು. ಆದ್ದರಿಂದ ನೋಡದಿರುವುದು, ನೋಡಿಸಿಕೊಳ್ಳದಿರುವುದು, ಇವೆರಡೇ ಔಷಧಿ. ಎರಡಕ್ಕೂ ಸೇರಿ ಕಪ್ಪು ಕನ್ನಡಕ.

ಬಸ್ ಸ್ಟ್ಯಾಂಡಿನ ಎದುರಿಗೆ ಬಳೆ, ಬಾಚಣಿಗೆ, ರಿಬ್ಬನ್ನು ಮಾರುತ್ತಿದ್ದ ಬಶೀರ್ ಸಾಬರು ಹುಬ್ಬಳ್ಳಿಯಿಂದ ಒಂದು ಮೂಟೆ ಕೂಲಿಂಗ್ ಗ್ಲಾಸು ತರಿಸಿದರು. ಕಪ್ಪು ಖಾಲಿಯಾದ ಮೇಲೆ ಹಸಿರು, ಹಸಿರೂ ಮುಗಿದ ಮೇಲೆ ಮಕ್ಕಳ ಜಾತ್ರೆ ಕನ್ನಡಕ. ನಾನು ಮೊದಲ ದಿನವೇ ಒಂದು ಕಪ್ಪು ಕೊಂಡಿದ್ದೆ. ಆ ವಾರ ಕುರಿ ಸಂತೆಗೆ ಹೋದವನು ಕಂಡ ನೋಟವನ್ನು ನಾನು ಇವತ್ತಿಗೂ ಮರೆತಿಲ್ಲ. ಕೆಂಪು ಧೂಳು, ಸಾವಿರಾರು ಕುರಿ, ಅವುಗಳ ನಡುವೆ ಕಂಬಳಿ ಹೊದ್ದು, ಕೋಲು ಹಿಡಿದು, ಕಪ್ಪು ಕನ್ನಡಕ ಏರಿಸಿ ನಿಂತ ಕುರುಬರು. ಒಬ್ಬರ ಮುಖವೂ ಓದಲು ಬರುವಂತಿಲ್ಲ. ದಿನಾ ಕಂಡ ಜನವೇ, ಆದರೆ ಯಾವುದೋ ದೊಡ್ಡ ರಹಸ್ಯ ತಿಳಿದವರ ಹಾಗೆ ಗಂಭೀರವಾಗಿ ಕಾಣುತ್ತಿದ್ದರು. ನನಗೆ ಮೈ ಜುಮ್ಮೆಂದಿತು. ಕೈ ಮುಗಿಯಬೇಕೆನ್ನಿಸಿತು, ಆದರೆ ಯಾರಿಗೆಂದು ತಿಳಿಯದೆ ಸುಮ್ಮನಾದೆ.

ಅದಕ್ಕಿಂತ ದೊಡ್ಡ ಬೆರಗು ದಲ್ಲಾಲಿ ರುದ್ರಪ್ಪನದು. ನಮ್ಮ ಕಡೆ ಕುರಿ ವ್ಯಾಪಾರ ಬಾಯಿಂದ ನಡೆಯುವುದಿಲ್ಲ. ಇಬ್ಬರು ಕೈ ಹಿಡಿದುಕೊಳ್ಳುತ್ತಾರೆ, ಮೇಲೊಂದು ಟವಲ್ ಹೊದಿಸುತ್ತಾರೆ, ಒಳಗೆ ಬೆರಳುಗಳು ಮಾತಾಡುತ್ತವೆ. ಬೆಲೆ ಮಾತ್ರವಲ್ಲ, ಕುರಿಯ ಐಬು ಕೂಡ ಅಲ್ಲೇ ಹೇಳಬೇಕು. ಬಾಯಲ್ಲಿ ಹೇಳಿದರೆ ಸುತ್ತಲಿನವರು ಕೇಳಿ ಬೆಲೆ ಬೀಳುತ್ತದೆ, ಹೇಳದಿದ್ದರೆ ಮೋಸವಾಗುತ್ತದೆ. ಕುಂಟು, ಕೆಮ್ಮು, ಹಾಯುವ ಚಟ, ಎಲ್ಲಕ್ಕೂ ಬೆರಳಿನ ಒಂದೊಂದು ಒತ್ತು ಇತ್ತು. ಐಬು ಮುಚ್ಚಿಟ್ಟ ದಲ್ಲಾಲಿಯ ಟವಲ್ಲಿನೊಳಗೆ ಮತ್ತೆ ಯಾರೂ ಕೈ ಹಾಕುವುದಿಲ್ಲ. ರುದ್ರಪ್ಪನ ಮುಖದಲ್ಲಿ ಹುಬ್ಬು ಕೂಡ ಅಲುಗದು, ಟವಲ್ಲಿನ ಕೆಳಗೆ ಮಾತ್ರ ಮಹಾಭಾರತ ನಡೆದಿರುತ್ತಿತ್ತು. ವ್ಯಾಪಾರ ಮುಗಿದ ಮೇಲೆ ಕನ್ನಡಕ ಎತ್ತಿ ಅದೇ ಟವಲ್ಲಿನಿಂದ ಕಣ್ಣು ಒರೆಸಿಕೊಂಡು ಮುಂದಿನ ಗಿರಾಕಿಯ ಕೈ ಹಿಡಿಯುತ್ತಿದ್ದ. ಗಿರಾಕಿಯೂ ಅದರಲ್ಲೇ ಒಮ್ಮೆ ಮುಖ ಒರೆಸಿಕೊಳ್ಳುತ್ತಿದ್ದ. ಇದರಲ್ಲಿ ಏನಾದರೂ ತಪ್ಪಿದೆ ಎಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಇಷ್ಟರಲ್ಲಿ ಊರು ಎರಡಾಯಿತು. ಕನ್ನಡಕದ ಪಾರ್ಟಿ, ಬರಿಗಣ್ಣಿನ ಪಾರ್ಟಿ. ಹೋಟೆಲಿನಲ್ಲಿ ಬೇರೆ ಬೇರೆ ಬೆಂಚು ಹಿಡಿದು ಕೂರುವ ಮಟ್ಟಕ್ಕೆ ಹೋದಾಗ ಪಂಚಾಯ್ತಿ ಕಟ್ಟೆಯ ಮುಂದೆ ಸಭೆ ಸೇರಿತು. ಬರಿಗಣ್ಣಿನ ಮುಖಂಡರು ಕರಿಬಸಪ್ಪ ಗೌಡರು, ಊರಿನ ಹಿರಿಯರು. ಎದ್ದವರೇ ಅಂದರು: "ಹಿರೇರ ಮುಂದೆ ಚಪ್ಪಲಿ ಬಿಡ್ತೀರಿ, ತಲೆ ಮ್ಯಾಲಿನ ಟವಲ್ ಹೆಗಲಿಗೆ ಇಳಿಸ್ತೀರಿ. ಕಣ್ಣಿಗೆ ಪರದೆ ಇಳಿಬಿಟ್ಕಂಡು ಮಾತಾಡಾದು ಯಾವ ಸೀಮೆ ಮರ್ಯಾದೆ? ಕಣ್ಣು ಮುಚ್ಚಿಕಂಡೋನ ಹತ್ರ ಏನೋ ಒಂದು ಐಬು ಇದ್ದೇ ಇರ್ತೈತೆ." ಕೊನೆಯ ಮಾತಿಗೆ ನನ್ನ ಎಡಗಣ್ಣು ಕನ್ನಡಕದೊಳಗೇ ಮಿಟುಕಿತು.

ಆಸ್ಪತ್ರೆಯ ಕಾಂಪೌಂಡರು ಬೇನೆ ಗಾಳಿಯಲ್ಲಿ ಬರುತ್ತದೆ, ಗಾಜು ತಡೆಯುತ್ತದೆ ಎಂದರು. "ಗಾಳಿಗೆ ಪಕ್ಕದಾಗಿಂದ ಬರಾಕೆ ದಾರಿ ಇಲ್ಲೇನ್ರೀ?" ಎಂದು ಯಾರೋ ಕೇಳಿದ್ದಕ್ಕೆ ಅವರು ಗಾಳಿಯ ಮೇಲೇ ಸಿಟ್ಟಾದರು. ಗುಡಿಯ ಅಯ್ಯನವರು, "ಕರೇ ಗಾಜು ಹಾಕ್ಕಂಡು ಬಂದ್ರೆ ಸ್ವಾಮಿ ದರ್ಶನ ಹೆಂಗೆ ಆಗ್ತೈತೆ?" ಎಂದು ಕೇಳಿದರು. ಪಕ್ಕದ ಹಳ್ಳಿ ಸೊಕ್ಕೆಯಿಂದ ಬಂದಿದ್ದ ಒಬ್ಬ ಮುದುಕ ಕೂತಲ್ಲಿಂದಲೇ, "ನಾನು ದೇವ್ರನ್ನ ನೋಡಾಕೆ ಗುಡಿಗೆ ಹೋಗಾಕಿಲ್ಲ ಬುದ್ಧಿ. ಅವ್ನು ನನ್ನ ನೋಡ್ಲಿ ಅಂತ ಹೋಗ್ತೀನಿ" ಎಂದ. ನಾನು ಬೆಕ್ಕಸಬೆರಗಾದೆ. ಇಷ್ಟು ಹೇಳಿದವನು ಕನ್ನಡಕದ ಪಾರ್ಟಿಯೇ ಎಂದುಕೊಂಡರೆ, "ಆದ್ರೆ ನಾ ಹಾಕ್ಕಳಲ್ಲ, ಹಾಕ್ಕಂಡ್ರೆ ನನ್ನ ಕುರಿ ನನ್ನ ಗುರ್ತು ಹಿಡಿಯಾಕಿಲ್ಲ" ಎಂದುಬಿಟ್ಟ.

ಆಗ ನಾನು ಎದ್ದೆ. ಕೇಳಿದವರು ಯಾರೂ ಇರಲಿಲ್ಲ, ಆದರೂ ಎದ್ದೆ. ನನ್ನ ಪಾಲಿಗೆ ಈ ಕನ್ನಡಕ ಎಂಥ ವರವೆಂದು ನಿಮಗೀಗ ತಿಳಿದೇ ಇದೆ. ಹಾಕಿಕೊಂಡ ದಿನದಿಂದ ಜನ ನನ್ನ ಎರಡೂ ಕಣ್ಣಿಗೆ ಒಟ್ಟಿಗೆ ಮರ್ಯಾದೆ ಕೊಡುತ್ತಿದ್ದರು. ಆದರೆ ಸಭೆಯಲ್ಲಿ ಅದನ್ನು ಹೇಳಲಾಗುತ್ತದೆಯೇ? ಲೋಕಹಿತ, ನಾಗರಿಕನ ಕರ್ತವ್ಯ, ಮಕ್ಕಳ ಭವಿಷ್ಯ ಎಂದು ಶುರುಮಾಡಿ, ಮನುಷ್ಯನನ್ನು ಕಣ್ಣಿನಿಂದ ಅಳೆಯುವುದು ಅನಾಗರಿಕತೆ ಎಂಬಲ್ಲಿಗೆ ತಂದು ನಿಲ್ಲಿಸಿದೆ. ಚಪ್ಪಾಳೆ ಬಿತ್ತು. ರುದ್ರಪ್ಪ ಮಾತ್ರ ಬೇವಿನ ಮರಕ್ಕೆ ಒರಗಿ, ನನ್ನನ್ನು ಕುರಿಯ ಹಲ್ಲು ನೋಡುವವನ ಹಾಗೆ ನೋಡುತ್ತಿದ್ದ.

ತೀರ್ಮಾನ ನಮ್ಮ ಊರಿನ ತೀರ್ಮಾನಗಳ ಹಾಗೇ ಆಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಬೀದಿಯಲ್ಲಿ ಕನ್ನಡಕ ಹಾಕಬಹುದು, ದೇವರ ಮುಂದೆ ಮತ್ತು ಹಿರಿಯರ ಮುಂದೆ ತೆಗೆಯಬೇಕು. ಪರಿಣಾಮವಾಗಿ ಗೌಡರ ಎದುರಿಗೆ ಬಂದವರೆಲ್ಲ ಭಯಭಕ್ತಿಯಿಂದ ಕನ್ನಡಕ ತೆಗೆದು, ಕೈಯಿಂದ ಕಣ್ಣೊರೆಸಿಕೊಂಡು, ಅದೇ ಕೈಯಿಂದ ಅವರ ಕಾಲು ಮುಟ್ಟಿ, ಎಲೆ ಅಡಿಕೆಯ ತಟ್ಟೆ ಮುಂದಿಟ್ಟರು. ಮುಂದಿನ ಸಂತೆಗೆ ಗೌಡರು ಬಶೀರ್ ಸಾಬರ ಅಂಗಡಿಯ ಅತಿ ದೊಡ್ಡ ಹಸಿರು ಕನ್ನಡಕ ಹಾಕಿಕೊಂಡು ಬಂದರು. ಯಾರೂ ನಗಲಿಲ್ಲ. ಸಾಬರು ಮಾತ್ರ, "ಗೌಡ್ರಿಗೆ ಬೋ ಒಪ್ತೈತಿ" ಎಂದರು.

ನನ್ನ ಚಿಂತೆ ಬೇರೆಯಿತ್ತು. ರುದ್ರಪ್ಪ ಕುರಿಯ ಜೊತೆಗೆ ಸಂಬಂಧಗಳನ್ನೂ ಕುದುರಿಸುತ್ತಿದ್ದ. ನ್ಯಾಮತಿಯ ಅಡಿಕೆ ವ್ಯಾಪಾರಿ ಶಿವಲಿಂಗಪ್ಪನವರು ತೋಟದ ಗೊಬ್ಬರಕ್ಕೆಂದು ನಮ್ಮ ಸಂತೆಗೆ ಕುರಿ ಕೊಳ್ಳಲು ಬರುತ್ತಿದ್ದರು. ಅವರ ಮಗಳು ಗಿರಿಜೆಯನ್ನು ನನಗೆ ತೋರಿಸಲು ರುದ್ರಪ್ಪ ದಿನ ಗೊತ್ತುಮಾಡಿದ. ನ್ಯಾಮತಿಯಲ್ಲೂ ಕಣ್ಣುಬೇನೆ ಎಂದು ಕೇಳಿ ನನಗೆ ಆದ ಆನಂದವನ್ನು ಹೇಳಿದರೆ ನೀವು ಬೈಯುತ್ತೀರಿ. ಬಸ್ಸಿನಲ್ಲಿ ಅವನ ಕಿವಿಯಲ್ಲಿ, "ರುದ್ರಪ್ಪ, ಅಲ್ಲಿ ನನ್ನ ಕಣ್ಣಿನ ವಿಷಯ ಎತ್ತಬೇಡ, ಕೈ ಮುಗಿಯುತ್ತೇನೆ" ಎಂದೆ. ಅವನು, "ನಾನು ಬಾಯಿ ಬಿಟ್ಟು ಒಂದು ಮಾತಾಡಿದ್ರೆ ಕೇಳ್ರಿ ಮೇಷ್ಟ್ರೇ" ಎಂದು ಎಲೆ ಅಡಿಕೆ ಹಾಕಿಕೊಂಡ.

ನ್ಯಾಮತಿಯ ಆ ನಡುಮನೆಯಲ್ಲಿ ಎಲ್ಲರೂ ಕನ್ನಡಕಧಾರಿಗಳು. ಗಿರಿಜೆ ಅಪ್ಪನ ಇನ್ನೊಂದು ಕನ್ನಡಕ ಹಾಕಿಕೊಂಡು ಬಂದಳು. ಅದು ಮೂಗಿನ ತುದಿಗೆ ಜಾರುತ್ತಿತ್ತು, ಅವಳು ಬೆರಳಿನಿಂದ ಮೇಲಕ್ಕೆ ತಳ್ಳುತ್ತಿದ್ದಳು. ಉಪ್ಪಿಟ್ಟಿನ ತಟ್ಟೆಯನ್ನು ನೀರಿನ ಲೋಟದ ಮೇಲೆ ಇಟ್ಟಳು. "ಜಗಳೂರಾಗೆ ನೀರಿಗೆ ತಾಪತ್ರಯ ಐತಂತಲ್ರೀ?" ಎಂದು ಕೇಳಿದಳು. ನಾನು ಜಗಳೂರಿನ ಮಳೆ, ಬಾವಿ, ಕೆರೆಗಳ ಮೇಲೆ ಸುದೀರ್ಘವಾಗಿ ಉತ್ತರ ಕೊಟ್ಟೆ. ಎಲ್ಲ ಸುಸೂತ್ರವಾಗಿ ಸಾಗುತ್ತಿತ್ತು. ಅಷ್ಟರಲ್ಲಿ ಮೂಲೆಯಲ್ಲಿ ಕೂತಿದ್ದ ಅಜ್ಜಿ, ಶಿವಲಿಂಗಪ್ಪನವರ ತಾಯಿ, ಬಾಯಿ ತೆಗೆದಳು.

"ಅಲ್ಲೋ ಲಿಂಗಪ್ಪ, ಗಂಡಿನ ಕಣ್ಣು ನೋಡ್ದಂಗೆ ಹೆಣ್ಣು ಕೊಡಾಕಾಗ್ತೈತೇನೋ? ತೆಗೀಲಿ ಅದನ್ನ."

"ಮದ್ರಾಸ್ ಐ ಬರ್ತೈತಿ ಅವ್ವ."

"ನನ್ನ ಕಣ್ಣಿಗೆ ಪೊರೆ ಬಂದು ಕುಂತೈತೆ. ಇನ್ಯಾವ ಐ ಬಂದ್ರೆ ನನಗೇನು? ತೆಗೀಲಿ."

ಚನ್ನಗಿರಿ ಕಣ್ಣಮುಂದೆ ಬಂತು, ಹೊನ್ನಾಳಿ ಬಂತು, ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡದ್ದು ಬಂತು. ಈ ಹುಡುಗಿ ನನಗೆ ಬೇಕಿತ್ತು. ನೀರಿನ ಬಗ್ಗೆ ಕೇಳಿದ ಆ ದನಿ, ಜಾರುವ ಕನ್ನಡಕ, ಎಲ್ಲ ಆಗಲೇ ಮನಸ್ಸಿಗೆ ಹತ್ತಿಬಿಟ್ಟಿತ್ತು. ಬೇರೆ ದಾರಿ ಕಾಣದೆ ಪಂಚಾಯ್ತಿ ಕಟ್ಟೆಯ ಭಾಷಣವನ್ನೇ ಮೊದಲಿನಿಂದ ಶುರುಮಾಡಿದೆ. ಲೋಕಹಿತ ಮುಗಿದು ಕರ್ತವ್ಯಕ್ಕೆ ಬರುವಷ್ಟರಲ್ಲಿ ರುದ್ರಪ್ಪ ಹೆಗಲ ಮೇಲಿನ ಟವಲ್ ತೆಗೆದು, ಶಿವಲಿಂಗಪ್ಪನವರ ಕೈ ಹಿಡಿದು, ಮೇಲೆ ಹೊದಿಸಿದ. ಮದುವೆಯ ಖರ್ಚಿನ ಮಾತಿರಬೇಕೆಂದು ನಾನು ಭಾಷಣ ಮುಂದುವರಿಸಿದೆ. ಇಬ್ಬರೂ ಗೋಡೆಯ ಕ್ಯಾಲೆಂಡರಿನ ಕಡೆ ಮುಖ ಮಾಡಿ ಕೂತಿದ್ದರು. ಟವಲ್ಲು ಅಲ್ಲಲ್ಲಿ ಉಬ್ಬಿ ಇಳಿಯುತ್ತಿತ್ತು.

ಶಿವಲಿಂಗಪ್ಪನವರು ಕೈ ಹೊರತೆಗೆದು, ನನ್ನನ್ನು ಒಮ್ಮೆ ದಿಟ್ಟಿಸಿ, ಮಗಳನ್ನು ಕರೆದುಕೊಂಡು ಒಳಗೆ ಹೋದರು. ಒಳಗಿಂದ ಯಾರೋ ಕಿಸಕ್ಕನೆ ನಕ್ಕದ್ದು ಕೇಳಿಸಿತು. ಬಾಗಿಲ ಸಂದಿಯಲ್ಲಿ ಗಿರಿಜೆ ಕನ್ನಡಕವನ್ನು ಹಣೆಗೇರಿಸಿ ನನ್ನ ಕಡೆ ನೋಡಿದಳು. ಕೆಂಪಗೆ ಊದಿದ, ನೀರು ಸುರಿಯುತ್ತಿದ್ದ ಎರಡು ಕಣ್ಣು. ಅಷ್ಟು ಚಂದದ ಕಣ್ಣನ್ನು ನಾನು ಅದುವರೆಗೆ ನೋಡಿರಲಿಲ್ಲ. ಅವರಪ್ಪ ಹೊರಗೆ ಬಂದು, "ಆಗ್ಲಿ, ಎಲೆ ಅಡಿಕೆ ತಗಳ್ರಿ" ಎಂದರು. ನನ್ನ ಭಾಷಣಕ್ಕೆ ಎಂಥ ಶಕ್ತಿ ಎಂದು ನಾನೇ ಬೆರಗಾಗಿ, ರುದ್ರಪ್ಪನ ಟವಲ್ ಇಸಿದುಕೊಂಡು ಮುಖದ ಬೆವರನ್ನೆಲ್ಲ ಚೆನ್ನಾಗಿ ಒರೆಸಿಕೊಂಡೆ.

ವಾರದೊಳಗೆ ನನಗೆ, ರುದ್ರಪ್ಪನಿಗೆ, ಶಿವಲಿಂಗಪ್ಪನವರಿಗೆ ಮದ್ರಾಸ್ ಐ ಬಂತು. ದಾವಣಗೆರೆಯ ಕಣ್ಣಿನ ಡಾಕ್ಟರು, "ನೋಡಿದರೆ ಬರುವುದಿಲ್ಲರೀ ಇದು. ಕೈಯಿಂದ, ಬಟ್ಟೆಯಿಂದ ಬರುತ್ತೆ. ಒಂದೇ ಟವಲ್ಲಲ್ಲಿ ಎಷ್ಟು ಜನ ಮುಖ ಒರೆಸಿಕೊಂಡಿರಿ?" ಎಂದು ಕೇಳಿದರು. ಇಡೀ ಊರು ಸಭೆ ಸೇರಿ ಕಣ್ಣಿಗೆ ಏನು ಹಾಕಬೇಕೆಂದು ಜಗಳವಾಡಿತ್ತು, ಹೆಗಲ ಮೇಲಿದ್ದದ್ದನ್ನು ಯಾರೂ ನೋಡಿರಲಿಲ್ಲ.

ಮದುವೆಯ ಹೊತ್ತಿಗೆ ಬೇನೆ ಹೋಗಿತ್ತು, ಕನ್ನಡಕಕ್ಕೆ ನೆಪವೂ ಹೋಗಿತ್ತು. ಹಸೆಮಣೆಯ ಮೇಲೆ ಅದನ್ನು ತೆಗೆದೆ. ಈಗ ಗದ್ದಲವೇಳುತ್ತದೆ ಎಂದು ಕಾದೆ. ಯಾರೂ ಚಕಾರವೆತ್ತಲಿಲ್ಲ. ಅಜ್ಜಿ ಮಾತ್ರ ಹತ್ತಿರ ಬಂದು ಮುಖಕ್ಕೆ ಮುಖವಿಟ್ಟು ನೋಡಿ, "ಹೂಂ, ಎಡಗಡೇದೇ" ಎಂದು ತಲೆದೂಗಿ ಹೋದಳು. ಪೊರೆಗಣ್ಣಿನ ಮುದುಕಿ ಏನೋ ಅಂದಳು ಎಂದುಕೊಂಡೆ.

ಅರ್ಥವಾದದ್ದು ಎಂಬತ್ತರ ದಶಕವೂ ನಡುಹರೆಯಕ್ಕೆ ಬಂದ ಮೇಲೆ. ಒಂದು ದಿನ ಊಟದ ಹೊತ್ತಿನಲ್ಲಿ, ಒಂದು ಭಾಷಣದಿಂದ ಹೆಣ್ಣು ಗೆದ್ದವನು ಈ ತಾಲ್ಲೂಕಿನಲ್ಲಿ ನಾನೊಬ್ಬನೇ ಎಂದು ನಾನು ಎಂದಿನಂತೆ ಕೊಚ್ಚಿಕೊಳ್ಳುತ್ತಿದ್ದಾಗ ಗಿರಿಜೆ ಸೌಟು ಕೆಳಗಿಟ್ಟಳು.

"ರುದ್ರಪ್ಪ ಅವತ್ತು ಟವಲ್ ಒಳಗೆ ಎಲ್ಲ ಹೇಳಿದ್ನಂತೆ ಕಣ್ರೀ. ಅಪ್ಪಾಜಿ ಒಳಗೆ ಬಂದು ನಂಗೆ ಹೇಳಿ, ಒಪ್ಪಿಗೆ ಏನವ್ವ ಅಂತ ಕೇಳಿದ್ರು. ಕಿರುಬೆರಳು ಮಡಚಿದ್ನಂತೆ, ಎಡಗಣ್ಣು ವಾರೆ ಅಂತ. ಅಂಗೈ ಸವರಿದ್ನಂತೆ, ಹಾಯಾಕಿಲ್ಲ, ಸಾಧು ಅಂತ. ಐಬು ಮೊದ್ಲೇ ಹೇಳಿ ಕೊಡೋ ಮಾಲಿನಾಗೆ ಮೋಸ ಇರಲ್ಲ ಅಂದ್ರು ಅಪ್ಪಾಜಿ. ನಾನೂ ಹೂಂ ಅಂದೆ."

ಮುಖಗಳೆಲ್ಲ ಮುಚ್ಚಿದ್ದ ಆ ಮನೆಯಲ್ಲಿ, ನಾನು ಎದೆ ತಟ್ಟಿಕೊಂಡು ಲೋಕಹಿತ ಸಾರುತ್ತಿದ್ದ ಹೊತ್ತಿನಲ್ಲಿ, ನಿಜ ಸದ್ದಿಲ್ಲದೆ ಒಂದು ಕೊಳಕು ಟವಲ್ಲಿನ ಕೆಳಗೆ ಕೈಯಿಂದ ಕೈಗೆ ದಾಟಿತ್ತು. ರುದ್ರಪ್ಪ ಬಾಯಿ ಬಿಟ್ಟಿರಲಿಲ್ಲ. ಅವನ ಬೆರಳಿಗೆ ಮನಸ್ಸಿನಲ್ಲೇ ಅಡ್ಡಬಿದ್ದೆ. ಆದರೂ ಕುತೂಹಲ ತಡೆಯಲಾಗಲಿಲ್ಲ.

"ಅಷ್ಟೇನಾ? ಬೇರೆ ಐಬು ಏನೂ ಹೇಳಲಿಲ್ಲವಾ?"

"ಇನ್ನೊಂದು ಹೇಳಿದ್ನಂತೆ. ಅರಚಾಟ ಜಾಸ್ತಿ ಅಂತ."

"ಅದಕ್ಕೆ ಯಾವ ಬೆರಳು?"

ಗಿರಿಜೆ ನನ್ನ ಎರಡೂ ಕಣ್ಣನ್ನು ಒಂದಾದ ಮೇಲೊಂದು ನೋಡಿ, ಸಾರು ಬಡಿಸುತ್ತ ಹೇಳಿದಳು: "ಐದೂ."