ಅಳಿಯನ ತೆಲುಗು, ಅತ್ತೆಯ ಕನ್ನಡ

ನಮಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂಬುದು ನಮ್ಮೊಬ್ಬರನ್ನು ಬಿಟ್ಟು ಊರಿಗೆಲ್ಲ ಗೊತ್ತಿರುತ್ತದೆ. ಬಚ್ಚಲಲ್ಲಿ ಹಾಡುವವನಿಗೆ ತನ್ನ ಕಂಠ ಇಂಪಾಗಿಯೇ ಕೇಳಿಸುತ್ತದೆ. ಹೊರಗೆ ಟವಲ್ ಹಿಡಿದು ಕಾಯುತ್ತಿರುವವರ ಅಭಿಪ್ರಾಯ ಬೇರೆ. ದೇವರ ದಯೆಯಿಂದ ನನಗೆ ಹಾಡಿನ ಭ್ರಮೆಯಿಲ್ಲ. ನನಗಿದ್ದದ್ದು ತೆಲುಗಿನ ಭ್ರಮೆ.

ನಾನು ತುಮಕೂರಿನವನು. ಕೋಲಾರಕ್ಕೆ ಬಂದದ್ದು ನೌಕರಿಗೆ, ಇಲ್ಲೇ ಉಳಿದದ್ದು ಗೌನಿಪಲ್ಲಿಯ ಹುಡುಗಿಯನ್ನು ಮದುವೆಯಾಗಿ. ಹೆಂಡತಿಯ ಮನೆಮಾತು ತೆಲುಗು. ಹೊಸ ಅಳಿಯನ ಹುರುಪಿನಲ್ಲಿ ಅದನ್ನು ಕಲಿತೇಬಿಟ್ಟೆ ಎಂದುಕೊಂಡೆ. ಒಂದೇ ವಿಚಿತ್ರವೆಂದರೆ, ನಾನು ತೆಲುಗಿನಲ್ಲಿ ಬಾಯಿ ತೆರೆದೊಡನೆ ಎದುರಿಗಿದ್ದವರು ಕನ್ನಡಕ್ಕೆ ಹೊರಳುತ್ತಿದ್ದರು. ಮಾವನ ಮನೆಯಲ್ಲಿ ಅದನ್ನು ಅಳಿಯನಿಗೆ ಕೊಡುವ ಮರ್ಯಾದೆ ಎಂದುಕೊಂಡೆ. ಮುಳಬಾಗಿಲಿನ ಬಟ್ಟೆ ಅಂಗಡಿಯವನೂ ಹಾಗೇ ಮಾಡಿದಾಗ, ಎಂಥ ಕನ್ನಡಾಭಿಮಾನಿ ಎಂದು ಮನಸ್ಸಿನಲ್ಲೇ ಕೈಮುಗಿದೆ.

ಹೀಗೇ ವರ್ಷಗಳು ಕಳೆದವು, ಅತ್ತೆಗೆ ಕಣ್ಣಿನ ಪೊರೆ ಬಲಿಯಿತು. ಹಿತ್ತಿಲ ಮೆಟ್ಟಿಲು ಕಾಣದೆ ಒಮ್ಮೆ ಮುಗ್ಗರಿಸಿದರು ಕೂಡ. ಆದರೂ ಕೋಲಾರದ ಆಸ್ಪತ್ರೆಗೆ ಬರಲು ಒಪ್ಪರು. "ನಂಗೆ ಕನ್ನಡ ಬರಲ್ಲ ಅಳಿಯಂದ್ರೇ. ಡಾಕ್ಟ್ರು ಏನೋ ಕೇಳ್ತಾರೆ, ನಾನೇನೋ ಹೇಳ್ತೀನಿ. ಆಮೇಲೆ ಕಣ್ಣೇ ತೆಗೆದುಬಿಟ್ರೆ?" ಎಂದರು. ಇಷ್ಟನ್ನೂ ಅವರು ಹೇಳಿದ್ದು ಕನ್ನಡದಲ್ಲಿ. ಅದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. "ನಾನಿಲ್ವಾ ಅತ್ತೆ? ಎಲ್ಲಾ ನಾನೇ ತೆಲುಗಲ್ಲಿ ಹೇಳ್ತೀನಿ" ಎಂದು ಧೈರ್ಯ ಕೊಟ್ಟೆ. ಶಾಲೆಯಲ್ಲಿ ಪರೀಕ್ಷೆಯಿದ್ದು ರಜೆ ಸಿಗದ ನನ್ನ ಹೆಂಡತಿ ನಮ್ಮಿಬ್ಬರನ್ನೂ ಅನುಮಾನದಿಂದಲೇ ಬೀಳ್ಕೊಟ್ಟಳು.

ಡಾಕ್ಟರು ಹಾಸನದ ಕಡೆಯ ಹೆಣ್ಣುಮಗಳು, ತೆಲುಗಿನ ಗಂಧವಿಲ್ಲ. "ಶುಗರ್ ಇದೆಯಾ? ಏನು ಮಾತ್ರೆ ತಗೋತಾರೆ?" ಎಂದು ಕೇಳಿದರು. ನಾನು ಗಂಟಲು ಸರಿಮಾಡಿಕೊಂಡು ತೆಲುಗಿನಲ್ಲಿ ವಿವರಿಸಿದೆ. ಅತ್ತೆ ನನ್ನ ಮುಖವನ್ನೇ ನೋಡಿದರು. ಕೇಳಿಸಲಿಲ್ಲವೇನೋ ಎಂದು ಇನ್ನೂ ಜೋರಾಗಿ ಹೇಳಿದೆ. ನರ್ಸ್ ಬಾಯಿಗೆ ಕೈ ಅಡ್ಡ ಹಿಡಿದಳು. ಅತ್ತೆ ಮೆಲ್ಲಗೆ ಡಾಕ್ಟರ ಕಡೆ ಬಾಗಿ, "ನೀವೇ ಇನ್ನೊಂದ್ಸಲ ಹೇಳಮ್ಮಾ. ಇವ್ರು ಹೇಳಿದ್ದು ನಂಗೆ ತಿಳೀಲಿಲ್ಲ" ಎಂದರು.

ಆಮೇಲೆ ಅವರಿಬ್ಬರದೇ ಮಾತು. ಶುಗರ್ ಮಾತ್ರೆ, ಮಂಡಿನೋವು, ಎಲ್ಲವೂ ಬಂತು. ಕೊನೆಗೆ ದನಿ ತಗ್ಗಿಸಿ, "ಕಣ್ಣು ತೆಗೆಯಲ್ಲ ಅಲ್ವಾ ತಾಯೀ?" ಎಂದು ಕೇಳಿಯೂ ಬಿಟ್ಟರು. "ಇಲ್ಲಮ್ಮಾ, ಪೊರೆ ಮಾತ್ರ. ಕನ್ನಡ ಎಷ್ಟು ಚೆನ್ನಾಗಿ ಮಾತಾಡ್ತೀರಿ!" ಎಂದರು ಡಾಕ್ಟರು. "ಅಯ್ಯೋ, ನಂಗೆಲ್ಲಿ ಬರುತ್ತೆ ಕನ್ನಡ! ಅದಕ್ಕೇ ಇವ್ರನ್ನ ಕರ್ಕೊಂಡು ಬಂದಿದ್ದು" ಎಂದು ಅತ್ತೆ ನನ್ನತ್ತ ಕೈ ತೋರಿಸಿದರು. ನಾನು ಗೋಡೆಯ ಮೇಲಿದ್ದ ಕಣ್ಣಿನ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ.

ಗೌನಿಪಲ್ಲಿಗೆ ಮರಳುವ ಬಸ್ಸಿನಲ್ಲಿ ಅತ್ತೆ ನನ್ನ ಭುಜಕ್ಕೊರಗಿ ನಿದ್ದೆಹೋದರು. ನನಗೆ ನಾಚಿಕೆಗಿಂತ ಹೆಚ್ಚಾಗಿ ಇನ್ನೇನೋ ಆಗುತ್ತಿತ್ತು. ಮದುವೆಯಾದಾಗ ಅವರಿಗೆ ನಿಜಕ್ಕೂ ಕನ್ನಡ ಬರುತ್ತಿರಲಿಲ್ಲ. ನನ್ನ ತೆಲುಗಿನಿಂದ ಪಾರಾಗಲು, ನನ್ನ ಮನಸ್ಸನ್ನೂ ನೋಯಿಸದಿರಲು, ಇಷ್ಟು ವರ್ಷಗಳಲ್ಲಿ ಒಂದೊಂದೇ ಮಾತು ಕೂಡಿಸಿಕೊಂಡಿದ್ದರು. ಕಲಿತೆ ಎಂದು ಮೆರೆದ ನಾನು ಕಲಿತಿರಲಿಲ್ಲ. ಬರುವುದಿಲ್ಲ ಎಂದು ಅಂಜುತ್ತಿದ್ದ ಅವರು ಕಲಿತು ಮುಗಿಸಿದ್ದರು. ಆ ಪ್ರೀತಿಗೆ ನನ್ನ ಕಣ್ಣು ಮಂಜಾಯಿತು.

ಆಪರೇಷನ್ ಚೆನ್ನಾಗಿ ಆಯಿತು. ಮತ್ತೆ ತೋರಿಸಲು ಹೋಗುವಾಗ ಹೆಂಡತಿ, ಈ ಸಲ ತಾನೇ ಬರುವುದಾಗಿ ಹೇಳಿದಳು. ಅತ್ತೆ ಬೇಡವೆಂದರು. ಅಳಿಯಂದಿರೇ ಬರಲಿ, ಅವರು ಪಕ್ಕದಲ್ಲಿದ್ದರೆ ತನಗೆ ಕನ್ನಡ ತಾನಾಗಿಯೇ ಬಂದುಬಿಡುತ್ತದೆ ಎಂದು ಮಗಳಿಗೆ ತೆಲುಗಿನಲ್ಲಿ ಹೇಳಿದರು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದ ನನಗೆ ಅದಿಷ್ಟೂ ಒಂದಕ್ಷರ ಬಿಡದೆ ಅರ್ಥವಾಯಿತು. ನನ್ನ ತೆಲುಗು ಅಷ್ಟೇನೂ ಕೆಟ್ಟದಾಗಿಲ್ಲವೆಂದು ನನಗೆ ಮತ್ತೆ ಅನ್ನಿಸತೊಡಗಿದ್ದು ಆಗಲೇ.